ಸಿಂಕಿನ ಕೆಳಗಿನ ಬಾಗಿಲು ಮತ್ತು ಅಮ್ಮನ ಸೀರೆಯ ಪರದೆ

(ಮರಗೆಲಸ ಕಲಿಯುತ್ತಿರುವ ವಿದ್ಯಾರ್ಥಿಗಳು ಹಾಗೂ ಮನೆ ಕಟ್ಟಿಸುತ್ತಿರುವ ಕೆಲವು ಕುಟುಂಬಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಅಡುಗೆಮನೆಯ ಮರಗೆಲಸದ ಬಗ್ಗೆ ಒಂದು ಗಂಟೆ ಮಾತನಾಡಬೇಕೆಂದು ನನ್ನನ್ನು ಕರೆದಿದ್ದಾರೆ. ಇಡೀ ಅಡುಗೆಮನೆಯನ್ನು ಒಂದು ಗಂಟೆಯಲ್ಲಿ ಸುತ್ತಿ ಬಂದರೆ ಯಾವುದೂ ತಲೆಯಲ್ಲಿ ಉಳಿಯುವುದಿಲ್ಲ. ಆದ್ದರಿಂದ ಒಂದೇ ಜಾಗವನ್ನು ಆರಿಸಿಕೊಂಡಿದ್ದೇನೆ. ಸಿಂಕಿನ ಕೆಳಗಿನ ಮೂರು ಅಡಿ ಅಗಲದ ಕಪಾಟು, ಅದರಲ್ಲೂ ಅದರ ಮುಂಭಾಗ. ಇಪ್ಪತ್ತೆರಡು ವರ್ಷಗಳಿಂದ ಶಿವಮೊಗ್ಗದ ಸುತ್ತಮುತ್ತ ಈ ಕೆಲಸ ಮಾಡಿಕೊಂಡು ಬಂದಿದ್ದೇನೆ. ದುರಸ್ತಿಗೆಂದು ಕರೆದ ಮನೆಗಳಲ್ಲಿ ಮೊದಲು ಕೈಕೊಟ್ಟಿರುವುದು ಹೆಚ್ಚುಕಡಿಮೆ ಯಾವಾಗಲೂ ಆ ಮೂರಡಿಯ ಬಾಗಿಲುಗಳೇ. ಪಕ್ಕದ ಬಾಗಿಲುಗಳು ಹೊಸದರಂತೆ ಇರುತ್ತವೆ, ಸಿಂಕಿನ ಕೆಳಗಿನವು ಮಾತ್ರ ಉಬ್ಬಿ, ಜೋತು, ಕಪ್ಪಾಗಿ ನಿಂತಿರುತ್ತವೆ. ಎಲ್ಲವೂ ಒಂದೇ ದಿನ, ಒಂದೇ ಹಲಗೆಯಿಂದ, ಒಂದೇ ಕೈಯಿಂದ ಆದವು. ಹಾಗಿದ್ದರೂ ಹೀಗೇಕೆ ಎಂಬುದೇ ಇವತ್ತಿನ ಮಾತು.

ಮೇಜಿನ ಮೇಲೆ ಒಂದು ಶಟರ್, ಅಂದರೆ ಕಪಾಟಿನ ಬಾಗಿಲು, ಇಟ್ಟಿದ್ದೇನೆ, ಆಮೇಲೆ ಹತ್ತಿರ ಬಂದು ಮುಟ್ಟಿ ನೋಡಿ. ಇದು ಸಾಗರದ ಕಡೆಯ ಒಂದು ಮನೆಯಿಂದ ಬಿಚ್ಚಿ ತಂದದ್ದು. ಎರಡು ಮಳೆಗಾಲ ಕಂಡಿದೆ, ಅಷ್ಟೇ. ಮೇಲಿನ ಅಂಚಿಗೆ ಅಳತೆಗೋಲು ಹಿಡಿದರೆ 18 ಮಿಲಿಮೀಟರ್ ಬರುತ್ತದೆ. ಕೆಳಗಿನ ಅಂಚಿಗೆ ಹಿಡಿದರೆ 23. ಐದು ಮಿಲಿಮೀಟರ್ ಉಬ್ಬಿದೆ. ಮುಂದಿನ ಮೈಕಾ ಹಾಳೆ ಕೆಳಗಡೆ ಬಾಯಿ ಬಿಟ್ಟಿದೆ. ಬಗ್ಗಿ ಮೂಸಿದರೆ ಮಳೆಗಾಲದಲ್ಲಿ ಒಣಗದೆ ಉಳಿದ ಗೋಣಿಚೀಲದ ವಾಸನೆ. ಈಗ ತಲೆಕೆಳಗು ಮಾಡುತ್ತೇನೆ, ನೋಡಿ. ಮೂರು ಅಂಚುಗಳಿಗೆ ಪಟ್ಟಿ ಅಂಟಿಸಿದ್ದಾರೆ, ಕೆಳಗಿನ ಅಂಚನ್ನು ಬರಿದಾಗಿ ಬಿಟ್ಟಿದ್ದಾರೆ. ಅದು ಯಾರ ಕಣ್ಣಿಗೂ ಬೀಳುವುದಿಲ್ಲ ಎಂದು ಬಿಟ್ಟದ್ದು. ನೀರು ಹುಡುಕಿಕೊಂಡು ಹೋದದ್ದು ಅದೇ ಅಂಚನ್ನು. ಮೇಲಿನಿಂದ ಇಳಿದ ಹನಿ ಕೊನೆಗೆ ನಿಲ್ಲುವುದು ಅಲ್ಲೇ, ನೆಲ ತೊಳೆದಾಗ ಸಿಡಿಯುವುದೂ ಅಲ್ಲಿಗೇ.

ಈ ಶಟರಿನ ಮನೆಯವರು ಒಳ್ಳೆಯ ಹಣವನ್ನೇ ಕೊಟ್ಟಿದ್ದರು. ಬಾಗಿಲಿನ ಬಣ್ಣ ಆರಿಸಲು ಅಂಗಡಿಯಲ್ಲಿ ಅರ್ಧ ದಿನ ಕಳೆದಿದ್ದರಂತೆ. ಕೆಳಗಿನ ಅಂಚಿನ ಬಗ್ಗೆ ಅವರಿಗೆ ಯಾರೂ ಒಂದು ಮಾತು ಹೇಳಿರಲಿಲ್ಲ. ನನಗೆ ನೋವಾಗುವುದು ಇಂಥದ್ದಕ್ಕೆ.

ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ. ನಮ್ಮ ಅಜ್ಜಿಯ ಅಡುಗೆಮನೆಯಲ್ಲಿ ಸಿಂಕು ಇರಲಿಲ್ಲ, ಮೂಲೆಯಲ್ಲಿ ಬಚ್ಚಲಿತ್ತು. ಮುಸುರೆ ಪಾತ್ರೆಗಳನ್ನು ಕುಳಿತು, ಬೂದಿ ಮತ್ತು ತೆಂಗಿನ ನಾರು ಹಾಕಿ ತಿಕ್ಕುತ್ತಿದ್ದರು. ಅಕ್ಕಚ್ಚು ದನದ ಕಲಗಚ್ಚಿನ ಬಾನಿಗೆ ಹೋಗುತ್ತಿತ್ತು, ಉಳಿದ ನೀರು ಮೋರಿಯಲ್ಲಿ ಹರಿದು ಬಾಳೆಗಿಡದ ಬುಡ ಸೇರುತ್ತಿತ್ತು. ಅಲ್ಲಿ ಮುಚ್ಚಿಡುವಂಥದ್ದು ಏನೂ ಇರಲಿಲ್ಲ. ಆಮೇಲೆ ನಿಂತು ಅಡುಗೆ ಮಾಡುವ ಕಟ್ಟೆ ಬಂತು. ಕಡಪ ಕಲ್ಲನ್ನು ನಿಲ್ಲಿಸಿ ಅದರ ಮೇಲೊಂದು ಕಲ್ಲು ಹಾಸಿ, ನಡುವೆ ಸಿಂಕು ಕೂರಿಸಿದರು. ಬಚ್ಚಲು ಸೊಂಟದ ಎತ್ತರಕ್ಕೆ ಏರಿತು. ಅದರ ಕೆಳಗೆ ಕೊಳವೆ, ಕಸದ ಬುಟ್ಟಿ, ಫಿನಾಯಿಲ್ ಬಾಟಲಿ, ಒದ್ದೆ ಬಟ್ಟೆ ಎಲ್ಲ ಸೇರಿಕೊಂಡವು. ಅದನ್ನು ಮರೆಮಾಡಲು ನಮ್ಮ ಅಮ್ಮ ಏನು ಮಾಡಿದರು? ಹಳೆಯ ವಾಯಿಲ್ ಸೀರೆಯೊಂದನ್ನು ಕತ್ತರಿಸಿ, ಮೇಲೆ ನೆರಿಗೆ ಹೊಲಿದು, ಸ್ಪ್ರಿಂಗ್ ತಂತಿಗೆ ಪೋಣಿಸಿ, ಎರಡು ಮೊಳೆಗಳಿಗೆ ಸಿಕ್ಕಿಸಿದರು. ಇಲ್ಲಿರುವವರಲ್ಲಿ ಅರ್ಧದಷ್ಟು ಜನ ಇಂಥ ಪರದೆಯನ್ನು ನೋಡಿರುತ್ತೀರಿ. ನಿಮ್ಮ ಮುಖದಲ್ಲೇ ಗೊತ್ತಾಗುತ್ತಿದೆ.

ಸಿಂಕಿನ ಕಪಾಟಿನ ಮುಂಭಾಗದ ವಿನ್ಯಾಸವನ್ನು ನಾನು ಕಲಿತದ್ದು ಆ ಪರದೆಯಿಂದ. ಅದರ ಮೂಲಕ ಗಾಳಿಯಾಡುತ್ತಿತ್ತು, ಒಳಗಿನ ತೇವ ಆರುತ್ತಿತ್ತು. ಕೊಳವೆ ಸೋರಿದರೆ ನೀರು ಪರದೆಯ ಕೆಳಗಿನಿಂದ ಹರಿದು ಬಂದು ಕಾಲಿಗೆ ತಗಲುತ್ತಿತ್ತು, ಆ ಕ್ಷಣವೇ ತಿಳಿಯುತ್ತಿತ್ತು. ಕೊಳಾಯಿ ಕೆಲಸದವನು ಬಂದರೆ ತಂತಿಯನ್ನು ಒಂದು ಮೊಳೆಯಿಂದ ಬಿಡಿಸಿದರೆ ಸಾಕು, ಇಡೀ ಮೂರಡಿ ಅವನಿಗೆ ತೆರೆದುಕೊಳ್ಳುತ್ತಿತ್ತು. ಕೊಳೆಯಾದರೆ ಒಗೆದು ಹಾಕುತ್ತಿದ್ದರು. ಮರದ ಬಾಗಿಲು ಬಂದ ದಿನ ಈ ಗುಣಗಳೆಲ್ಲ ಹೊರಟುಹೋದವು. ಮುಚ್ಚುವುದೊಂದೇ ಕೆಲಸವೆಂದು ನಾವು ತಿಳಿದೆವು. ಆ ಪರದೆ ಮಾಡುತ್ತಿದ್ದ ಕೆಲಸವನ್ನೆಲ್ಲ ಮರದ ಬಾಗಿಲೂ ಮಾಡಬೇಕು ಎಂಬುದು ನನ್ನ ವಾದ. ಈ ಕಪಾಟಿನ ಮುಂಭಾಗವನ್ನು ಎದುರು ನಿಂತು ಬರೆದರೆ ತಪ್ಪುತ್ತದೆ. ಒಳಗೆ ತಲೆ ಹಾಕಿ, ಕೊಳವೆಯ ಪಕ್ಕದಿಂದ ಹೊರಗೆ ನೋಡುತ್ತಾ ಬರೆಯಬೇಕು.

ಈಗ ಕೆಲಸಕ್ಕೆ ಇಳಿಯೋಣ. ಒಂದು ಉದಾಹರಣೆ ಇಟ್ಟುಕೊಳ್ಳುತ್ತೇನೆ, ನಮ್ಮ ಕಡೆ ಸಾಮಾನ್ಯವಾಗಿ ಕಾಣುವಂಥದ್ದು. ಎರಡು ಕಡಪ ಕಲ್ಲುಗಳ ನಡುವೆ ಮೂರಡಿ, ಅಂದರೆ ಸುಮಾರು 900 ಮಿಲಿಮೀಟರ್. ಮೇಲೆ ಗ್ರಾನೈಟ್. ಒಂದೇ ಬಟ್ಟಲಿನ 24 ಇಂಚು ಉದ್ದ, 18 ಇಂಚು ಅಗಲದ ಸಿಂಕು, 9 ಇಂಚು ಆಳ. ಕಟ್ಟೆಯ ಎತ್ತರ 34 ಇಂಚು. ಗ್ರಾನೈಟಿನ ಮುಂದಿನ ಅಂಚನ್ನೂ ಕೆಳಗಿನ ಪೀಠವನ್ನೂ ಕಳೆದರೆ ಬಾಗಿಲಿಗೆ ಉಳಿಯುವ ಎತ್ತರ 720 ಮಿಲಿಮೀಟರ್.

ಮೊದಲು ಅಳತೆ. ಕಲ್ಲಿನ ಕಟ್ಟೆ ಎಂದೂ ಮೂಲೆಮಟ್ಟಕ್ಕೆ ಸರಿಯಾಗಿ ಇರುವುದಿಲ್ಲ. ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ತೆಗೆದುಕೊಳ್ಳಿ. ಎತ್ತರವನ್ನೂ ಹಾಗೆಯೇ. ಆಮೇಲೆ ಮೂಲೆಯಿಂದ ಮೂಲೆಗೆ ಎರಡು ಓರೆ ಅಳತೆಗಳನ್ನು ತೆಗೆಯಿರಿ. ಅವೆರಡೂ ಒಂದೇ ಆಗಿದ್ದರೆ ಮಾತ್ರ ಚೌಕ ಸರಿ. ಒಮ್ಮೆ ತೀರ್ಥಹಳ್ಳಿಯ ಮನೆಯೊಂದರಲ್ಲಿ ಈ ಎರಡರ ನಡುವೆ 11 ಮಿಲಿಮೀಟರ್ ವ್ಯತ್ಯಾಸ ಬಂತು. ಅದನ್ನು ಗಮನಿಸದೆ ಬಾಗಿಲು ಮಾಡಿದ್ದರೆ ಮೇಲೆ ಕಿರಿದಾಗಿ ಕೆಳಗೆ ಅಗಲವಾಗುವ ಸಂದು ಜೀವನಪೂರ್ತಿ ಕಣ್ಣು ಚುಚ್ಚುತ್ತಿತ್ತು. ಕಲ್ಲನ್ನು ತಿದ್ದಲಾಗುವುದಿಲ್ಲ. ಕಲ್ಲಿನ ಒಳಬದಿಗೆ ಹೊಡೆಯುವ ರೀಪರನ್ನು, ಅಂದರೆ ಮರದ ಉದ್ದ ಪಟ್ಟಿಯನ್ನು, ತಿದ್ದಬಹುದು. ಒಂದು ಕಡೆ ದಪ್ಪ, ಒಂದು ಕಡೆ ತೆಳುವಾಗಿ ಅದನ್ನು ಕೀಸಿ, ನೇರ ಚೌಕಟ್ಟೊಂದನ್ನು ಮೊದಲು ನಿಲ್ಲಿಸಿ. ಬಾಗಿಲಿನ ಲೆಕ್ಕ ಆಮೇಲೆ. ಆ ರೀಪರು ತೇಗದ್ದೋ ಹಲಸಿನದ್ದೋ ಆಗಿರಲಿ. ಕಲ್ಲಿಗೆ ತಾಗುವ ಬದಿಗೆ ಹೊಡೆಯುವ ಮೊದಲೇ ಎರಡು ಸಲ ಬಣ್ಣ ಬಳಿಯಿರಿ, ಹೊಡೆದ ಮೇಲೆ ಆ ಬದಿ ಮತ್ತೆ ನಿಮ್ಮ ಕೈಗೆ ಸಿಗುವುದಿಲ್ಲ.

ಈಗ ಮುಂಭಾಗವನ್ನು ಎರಡು ತುಂಡು ಮಾಡುತ್ತೇನೆ. ಮೇಲೆ 200 ಮಿಲಿಮೀಟರ್ ಎತ್ತರದ ಒಂದು ಅಡ್ಡ ಪಟ್ಟಿ, ಅದರ ಕೆಳಗೆ 500 ಮಿಲಿಮೀಟರ್ ಎತ್ತರದ ಎರಡು ಬಾಗಿಲುಗಳು. ಮೇಲಿನ ಪಟ್ಟಿಯ ಹಿಂದೆ ಸಿಂಕಿನ ಬಟ್ಟಲು ಇರುತ್ತದೆ, ಅಲ್ಲಿ ಬಾಗಿಲು ತೆರೆದು ತೆಗೆಯುವಂಥದ್ದು ಏನೂ ಇಲ್ಲ. ಇದನ್ನು ಕೆಲಸದವರು ಡಮ್ಮಿ ಪಟ್ಟಿ ಎನ್ನುತ್ತಾರೆ. ಸಾಮಾನ್ಯವಾಗಿ ಅದನ್ನು ಅಂಟು ಹಾಕಿ, ಮೊಳೆ ಹೊಡೆದು ಕೂರಿಸಿಬಿಡುತ್ತಾರೆ. ಐದು ವರ್ಷದ ಮೇಲೆ ನಲ್ಲಿ ಬದಲಿಸಬೇಕಾಗುತ್ತದೆ. ನಲ್ಲಿಯ ನಟ್ಟು ಇರುವುದು ಬಟ್ಟಲಿನ ಹಿಂದೆ, ಗೋಡೆಯ ಕಡೆ, ಕೈ ಹೋಗದ ಸಂದಿನಲ್ಲಿ. ಪ್ಲಂಬರ್ ಮಲಗಿಕೊಂಡು, ತಲೆ ಒಳಗೆ ಹಾಕಿ, ಒಂದು ಗಂಟೆ ಒದ್ದಾಡಿ, ಕೊನೆಗೆ ಗರಗಸ ಕೇಳುತ್ತಾನೆ. ನಾನೇ ಮಾಡಿದ್ದ ಪಟ್ಟಿಯೊಂದನ್ನು ಹಾಗೆ ಕೊಯ್ದಿದ್ದನ್ನು ನೋಡಿದ ಮೇಲೆ ಅಂಟು ಹಾಕುವುದನ್ನು ನಿಲ್ಲಿಸಿದೆ.

ಅದಕ್ಕೆ ಬದಲು ನಾನು ಮಾಡುವುದು ಇದು. 9 ಮಿಲಿಮೀಟರ್ ದಪ್ಪದ ಪ್ಲೈವುಡ್ ಪಟ್ಟಿಯೊಂದನ್ನು ಉದ್ದಕ್ಕೆ ಓರೆಯಾಗಿ, 45 ಡಿಗ್ರಿಯಲ್ಲಿ ಸೀಳುತ್ತೇನೆ. ಎರಡು ಅರ್ಧಗಳು ಒಂದಕ್ಕೊಂದು ಕಚ್ಚಿಕೊಳ್ಳುವಂತೆ ಬರುತ್ತವೆ. ಒಂದರ್ಧದ ತುಂಡುಗಳನ್ನು ಎರಡೂ ಬದಿಯ ರೀಪರುಗಳಿಗೆ, ಓರೆ ಮೇಲ್ಮುಖವಾಗಿ ಒಳಕ್ಕೆ ಇಳಿಯುವಂತೆ ತಿರುಪು ಹಾಕಿ ಕೂರಿಸುತ್ತೇನೆ. ಇನ್ನೊಂದರ್ಧದ ತುಂಡುಗಳು ಡಮ್ಮಿ ಪಟ್ಟಿಯ ಹಿಂಬದಿಗೆ, ತಲೆಕೆಳಗಾಗಿ. ಪಟ್ಟಿಯನ್ನು ಎತ್ತಿ ಸಿಕ್ಕಿಸಿ ಕೆಳಗೆ ಬಿಟ್ಟರೆ ತನ್ನ ಭಾರದಿಂದಲೇ ಒಳಕ್ಕೆ ಎಳೆದುಕೊಂಡು ಬಿಗಿಯಾಗುತ್ತದೆ. ಕೆಳ ಅಂಚು ಅಲುಗಾಡದಿರಲು ಬದಿಗೊಂದು ಅಯಸ್ಕಾಂತ. ತೆಗೆಯಬೇಕೆಂದರೆ ಎರಡೂ ಕೈಯಿಂದ ಹತ್ತು ಮಿಲಿಮೀಟರ್ ಮೇಲೆತ್ತಿ ಮುಂದಕ್ಕೆ ಎಳೆಯಿರಿ. ತಿರುಪುಳಿ ಬೇಡ, ಬಡಗಿಯೂ ಬೇಡ. ನಮ್ಮ ಅಮ್ಮ ತಂತಿಯನ್ನು ಮೊಳೆಯಿಂದ ಬಿಡಿಸುತ್ತಿದ್ದರಲ್ಲ, ಅದೇ ಕೆಲಸ ಇದು.

ಹತ್ತು ಮಿಲಿಮೀಟರ್ ಎತ್ತಲು ಮೇಲೆ ಜಾಗ ಬೇಕು. ಆದ್ದರಿಂದ ಗ್ರಾನೈಟಿನ ಕೆಳಗೆ 12 ಮಿಲಿಮೀಟರ್ ಸಂದು ಬಿಡುತ್ತೇನೆ. ಪಟ್ಟಿಗೂ ಬಾಗಿಲಿಗೂ ನಡುವೆ 3, ಬಾಗಿಲಿನ ಕೆಳಗೆ 5. ಕೂಡಿಸಿ ನೋಡಿ: 12, 200, 3, 500, 5, ಒಟ್ಟು 720. ಅಗಲದಲ್ಲಿ ಬದಿಗೆ ಎರಡೂವರೆ, ನಡುವೆ 3, ಹೀಗಾಗಿ ಪ್ರತಿ ಬಾಗಿಲು 446. ಮೇಲಿನ 12 ಮಿಲಿಮೀಟರ್ ಸಂದು ಕೆಟ್ಟದಾಗಿ ಕಾಣುವುದಿಲ್ಲವೇ ಎಂದು ನೀವು ಕೇಳಬಹುದು. ಗ್ರಾನೈಟ್ ಬಾಗಿಲಿಗಿಂತ ಒಂದು ಇಂಚು ಮುಂದೆ ಚಾಚಿದ್ದರೆ ಆ ಸಂದು ಅದರ ನೆರಳಿನಲ್ಲಿ ಅಡಗುತ್ತದೆ. ಆ ಸಂದಿಗೆ ಇನ್ನೊಂದು ಕೆಲಸವೂ ಇದೆ, ಸ್ವಲ್ಪ ಹೊತ್ತಿಗೆ ಹೇಳುತ್ತೇನೆ.

ಗ್ರಾನೈಟಿನ ಆ ಒಂದು ಇಂಚಿನ ಚಾಚು ಇಡೀ ಮುಂಭಾಗದ ಆಯಸ್ಸನ್ನು ನಿರ್ಧರಿಸುತ್ತದೆ. ಕಟ್ಟೆಯ ಮೇಲಿನಿಂದ ಜಾರಿದ ನೀರು ಅಂಚಿನಿಂದ ನೇರವಾಗಿ ನೆಲಕ್ಕೆ ಬೀಳುವುದಿಲ್ಲ. ಕಲ್ಲಿಗೆ ಅಂಟಿಕೊಂಡು, ಅಂಚಿನ ಕೆಳಭಾಗದಲ್ಲಿ ಹಿಂದಕ್ಕೆ ತೆವಳಿ ಬಂದು ಬಾಗಿಲಿನ ಮೈಮೇಲೆ ಇಳಿಯುತ್ತದೆ. ಇದಕ್ಕೆ ಔಷಧ ನಮ್ಮ ಮನೆಗಳ ಕಿಟಕಿಗಳ ಮೇಲೆಯೇ ಇದೆ. ಸಜ್ಜಾದ ಕೆಳಗೆ, ತುದಿಯಿಂದ ಸ್ವಲ್ಪ ಒಳಗೆ, ಗಾರೆಯವರು ಉದ್ದಕ್ಕೂ ಒಂದು ಗೀರು ಎಳೆದಿರುತ್ತಾರೆ. ಮಳೆನೀರು ಆ ಗೀರನ್ನು ದಾಟಲಾರದೆ ಅಲ್ಲೇ ತೊಟ್ಟಿಕ್ಕುತ್ತದೆ. ಗ್ರಾನೈಟಿನ ಕೆಳಗೂ ಅಂಚಿನಿಂದ ಹತ್ತು ಹನ್ನೆರಡು ಮಿಲಿಮೀಟರ್ ಒಳಗೆ ಅಂಥದ್ದೇ ಗೀರು ಹಾಕಿಸಿ. ಕಲ್ಲು ಕೂರಿಸುವ ಮೊದಲು ಕಟ್ಟರಿನಿಂದ ಹತ್ತು ನಿಮಿಷದ ಕೆಲಸ. ಕೂರಿಸಿದ ಮೇಲೆ ಕೇಳಿದರೆ ಯಾರೂ ಒಪ್ಪುವುದಿಲ್ಲ. ಮನೆ ಕಟ್ಟಿಸುತ್ತಿರುವವರು ದಯವಿಟ್ಟು ಇದೊಂದನ್ನು ಬರೆದುಕೊಳ್ಳಿ.

ಹಲಗೆಯ ವಿಷಯ. ಅಂಗಡಿಯಲ್ಲಿ ‘ವಾಟರ್‌ಪ್ರೂಫ್’ ಎಂಬ ಮಾತನ್ನು ಉದಾರವಾಗಿ ಬಳಸುತ್ತಾರೆ. ಹಾಳೆಯ ಮೇಲೆ ಏನು ಮುದ್ರೆಯಿದೆ ಎಂದು ನೋಡಿ. ಐಎಸ್ ಎಂದರೆ ಭಾರತೀಯ ಮಾನಕ. ಐಎಸ್ 303 ಎಂದಿದ್ದು ಎಂ.ಆರ್. (ತೇವ ನಿರೋಧಕ) ಎಂದು ಬರೆದಿದ್ದರೆ ಅದು ಗಾಳಿಯ ತೇವವನ್ನು ತಡೆಯುತ್ತದೆ, ನೀರನ್ನು ತಡೆಯುವುದಿಲ್ಲ. ಸಿಂಕಿನ ಕೆಳಗೆ ಅದು ಬೇಡವೇ ಬೇಡ. ಐಎಸ್ 710 ಎಂದಿದ್ದರೆ ಅದು ಮರೈನ್ ಪ್ಲೈವುಡ್. ಅದರ ತುಂಡನ್ನು 72 ಗಂಟೆ ಕುದಿಯುವ ನೀರಿನಲ್ಲಿಟ್ಟು ಪರೀಕ್ಷಿಸುತ್ತಾರೆ. ಆದರೆ ಆ ಪರೀಕ್ಷೆ ಹೇಳುವುದು ಪದರಗಳ ನಡುವಿನ ಅಂಟು ಬಿಡುವುದಿಲ್ಲ ಎಂಬುದನ್ನು. ಒಳಗಿರುವುದು ಮರವೇ, ಅದು ಬಾಯಾರಿದರೆ ನೀರು ಕುಡಿಯುತ್ತದೆ. ಬರಿದಾದ ಅಂಚು ಸಿಕ್ಕರೆ ಮರೈನ್ ಪ್ಲೈ ಕೂಡ ಕಪ್ಪಾಗುತ್ತದೆ, ಮೈಕಾ ಬಿಡುತ್ತದೆ. ಪಿವಿಸಿ ಹಲಗೆ ಉಬ್ಬುವುದಿಲ್ಲ ನಿಜ. ಅದರಲ್ಲಿ ತಿರುಪಿನ ಹಿಡಿತ ಪ್ಲೈವುಡ್‌ನಷ್ಟು ಇರುವುದಿಲ್ಲ, ದಿನಕ್ಕೆ ಹತ್ತು ಸಲ ತೆಗೆದು ಹಾಕುವ ಬಾಗಿಲು ಕ್ರಮೇಣ ಜೋಲುತ್ತದೆ. ಹಿಂಜ್ ಕೂರುವ ಕಡೆ ಒಳಗೆ ಮರದ ತುಂಡು ಸೇರಿಸಿದರೆ ಬಾಳುತ್ತದೆ. ಮರದ ನಾರನ್ನು ಅಂಟು ಬೆರೆಸಿ ಒತ್ತಿ ಮಾಡಿದ ಎಂಡಿಎಫ್ ಹಲಗೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಮೇಜಿನ ಮೇಲಿರುವ ಶಟರ್ ಅದರದ್ದೇ.

ಗಟ್ಟಿಮರ ಹಾಕಬಹುದೇ ಎಂದು ಕೇಳುವವರಿದ್ದಾರೆ. ಹಾಕಬಹುದು, ಹಳೆಯ ಮನೆ ಕೆಡವಿದಾಗ ಸಿಕ್ಕ ತೇಗದ ಹಲಗೆ ಇದ್ದರೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ತೇಗದಲ್ಲೇ ಒಂದು ಬಗೆಯ ಎಣ್ಣೆ ಇರುವುದರಿಂದ ನೀರಿಗೆ ಸುಲಭವಾಗಿ ಮಣಿಯುವುದಿಲ್ಲ. ಆದರೆ ಮರ ತನ್ನ ಅಗಲದಲ್ಲಿ ಮಳೆಗಾಲಕ್ಕೆ ಹಿಗ್ಗುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಉದ್ದದಲ್ಲಿ ಅಷ್ಟಾಗಿ ಅಲ್ಲಾಡುವುದಿಲ್ಲ. 446 ಮಿಲಿಮೀಟರ್ ಅಗಲಕ್ಕೆ ಒಂದೇ ಹಲಗೆಯಂತೆ ಜೋಡಿಸಿದರೆ ಆಷಾಢದಲ್ಲಿ ಎರಡೂ ಬಾಗಿಲುಗಳು ಒಂದನ್ನೊಂದು ಒತ್ತಿಕೊಂಡು ತೆರೆಯದಂತಾಗುತ್ತವೆ. ನಮ್ಮ ಹಿರಿಯರು ಮನೆಯ ಬಾಗಿಲುಗಳನ್ನು ಚೌಕಟ್ಟು ಮಾಡಿ ನಡುವೆ ಹಲಗೆ ಕೂರಿಸುತ್ತಿದ್ದುದು ಇದೇ ಕಾರಣಕ್ಕೆ. ಚೌಕಟ್ಟಿನ ಸಂದಿಯೊಳಗೆ ಹಲಗೆಗೆ ಉಸಿರಾಡಲು ಜಾಗ ಬಿಡುತ್ತಿದ್ದರು. ಆ ಹಲಗೆಗೆ ಅಂಟು ಹಾಕಬಾರದು. ಅಂಟು ಚೌಕಟ್ಟಿನ ಮೂಲೆಗಳಿಗೆ ಮಾತ್ರ.

ಪ್ಲೈವುಡ್ ಬಾಗಿಲಿಗೆ ಹೊರಗೆ ಮಾತ್ರ ಮೈಕಾ ಅಂಟಿಸಿ ಒಳಗೆ ಬರಿದಾಗಿ ಬಿಡುವುದನ್ನು ನೋಡುತ್ತೇನೆ. ಹಣ ಉಳಿಸಲು ಮಾಡುವ ಕೆಲಸ. ಹಪ್ಪಳ ಒಣಗಿಸುವಾಗ ಗಮನಿಸಿದ್ದೀರಲ್ಲ, ಬಿಸಿಲು ತಾಗಿದ ಮೇಲ್ಮೈ ಮೊದಲು ಒಣಗಿ ಕುಗ್ಗುತ್ತದೆ, ಕೆಳಮೈ ಹಸಿಯಾಗಿಯೇ ಇರುತ್ತದೆ, ಹಪ್ಪಳ ದೊಪ್ಪೆಯಂತೆ ಮುದುಡಿಕೊಳ್ಳುತ್ತದೆ. ಅದಕ್ಕೇ ಮಗುಚಿ ಹಾಕುತ್ತೇವೆ. ಬಾಗಿಲಿಗೂ ಆಗುವುದು ಅದೇ. ಒಳಬದಿ ತೇವ ಹೀರಿ ಹಿಗ್ಗುತ್ತದೆ, ಮೈಕಾ ಮುಚ್ಚಿದ ಹೊರಬದಿ ಹಿಗ್ಗುವುದಿಲ್ಲ, ಬಾಗಿಲು ಬಾಗುತ್ತದೆ. ಹಿಂಜ್ ಎಷ್ಟು ತಿರುಗಿಸಿದರೂ ಮೂಲೆ ಸೇರುವುದಿಲ್ಲ. ಬಾಗಿಲನ್ನು ಮಗುಚಿ ಹಾಕಲಾಗುವುದಿಲ್ಲವಲ್ಲ. ಎರಡೂ ಮೈಗೆ ಹಾಳೆ ಬೇಕು.

ಇನ್ನು ಅಂಚುಗಳು. ನಾಲ್ಕೂ ಅಂಚು, ಅದರಲ್ಲೂ ಕೆಳಗಿನದ್ದು ಮೊದಲು. ನಾನು ಎರಡು ಮಿಲಿಮೀಟರ್ ದಪ್ಪದ ಪಟ್ಟಿಯನ್ನೇ ಹಾಕುತ್ತೇನೆ, ಬಕೆಟ್ ತಾಗಿದರೂ ಏಳುವುದಿಲ್ಲ. ಪಟ್ಟಿ ಅಂಟಿಸುವ ಮೊದಲು ಕೆಳಗಿನ ಅಂಚಿಗೆ ಒಂದು ಸಲ ಬಣ್ಣ ಕುಡಿಸಿ, ಒಣಗಿಸಿ, ಉಜ್ಜಿ, ಆಮೇಲೆ ಅಂಟಿಸುತ್ತೇನೆ. ಇದಾದ ಮೇಲೂ ಒಂದು ಗಾಯ ಉಳಿದಿರುತ್ತದೆ, ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹಿಂಜ್‌ಗೆಂದು ಬಾಗಿಲಿನ ಹಿಂಬದಿಯಲ್ಲಿ 35 ಮಿಲಿಮೀಟರ್ ಅಗಲದ ಬಟ್ಟಲು ಕೊರೆಯುತ್ತೇವೆ. ಅದರ ಆಳ ಹಲಗೆಯ ಅರ್ಧಕ್ಕಿಂತ ಹೆಚ್ಚು. ಅಲ್ಲಿ ಮರದ ಹೊಟ್ಟೆಯೇ ತೆರೆದಿರುತ್ತದೆ. ಒಂದು ಸಣ್ಣ ಕುಂಚ ತೆಗೆದುಕೊಂಡು ಆ ಬಟ್ಟಲಿಗೆ ಎರಡು ಸಲ ವಾರ್ನಿಶ್ ಬಳಿದು, ಒಣಗಿದ ಮೇಲೆ ಹಿಂಜ್ ಕೂರಿಸಿ. ನಮ್ಮ ಕಾರ್ಖಾನೆಯಲ್ಲಿ ಹೊಸ ಹುಡುಗರಿಗೆ ನಾನು ಕೊಡುವ ಮೊದಲ ಕೆಲಸ ಇದೇ. ಕಣ್ಣಿಗೆ ಬೀಳದ ಜಾಗವನ್ನು ನೋಡುವ ಅಭ್ಯಾಸ ಅಲ್ಲಿಂದ ಶುರುವಾಗಲಿ ಎಂಬ ಆಸೆ ನನ್ನದು.

ಹಿಂಜ್ ಎಂದಾಗ ಆಸಿಡ್ ಬಾಟಲಿಯ ವಿಷಯ ಹೇಳಲೇಬೇಕು. ಸ್ಟೀಲ್ ಹಿಂಜ್ ಹಾಕಿದ್ದೀರಿ, ಆರು ತಿಂಗಳಲ್ಲಿ ತುಕ್ಕು ಹಿಡಿದಿದೆ ಎಂದು ಒಬ್ಬರು ನನ್ನನ್ನು ಕರೆದು ಬೇಸರಪಟ್ಟರು. ಬಾಗಿಲು ತೆರೆದರೆ ಮೂಲೆಯಲ್ಲಿ ಬಚ್ಚಲು ತೊಳೆಯುವ ಆಸಿಡ್ ಬಾಟಲಿ, ಮುಚ್ಚಳ ಸಡಿಲವಾಗಿತ್ತು. ಆ ಹೊಗೆ ಮುಚ್ಚಿದ ಕಪಾಟಿನಲ್ಲಿ ತುಂಬಿಕೊಂಡು ಹಿಂಜ್ ಅನ್ನು ತಿಂದಿತ್ತು, ಸಿಂಕಿನ ತಳಕ್ಕೂ ಕಂದು ಚುಕ್ಕೆಗಳು ಬಂದಿದ್ದವು. ಸುಲಭಕ್ಕೆ ತುಕ್ಕು ಹಿಡಿಯದ 304 ದರ್ಜೆಯ ಸ್ಟೀಲ್ ಕೂಡ ಅದಕ್ಕೆ ನಿಲ್ಲುವುದಿಲ್ಲ. ಆಸಿಡ್ ಅಲ್ಲಿ ಇಡಬೇಡಿ. ಮನೆಯಲ್ಲಿ ಅಂಬೆಗಾಲಿಡುವ ಮಗುವಿದ್ದರೆ ಅದರ ಕೈಗೆ ಮೊದಲು ಎಟುಕುವ ಬಾಗಿಲೂ ಇದೇ. ಫಿನಾಯಿಲ್ ಕೂಡ ಮೇಲಿನ ಕಪಾಟಿಗೆ ಹೋಗಲಿ, ಇಲ್ಲವೇ ಬಾಗಿಲಿನ ಒಳಗೆ ದೊಡ್ಡವರ ಬೆರಳಿಗೆ ಮಾತ್ರ ತಿಳಿಯುವ ಕೊಂಡಿಯೊಂದು ಇರಲಿ.

ಗಾಳಿ. ಸಿಂಕಿನ ಕಪಾಟಿಗೆ ಬೇರೆ ಕಪಾಟುಗಳಿಗಿಲ್ಲದ ಬಾಯಾರಿಕೆ ಇದು. ಎರಡೂ ಬಾಗಿಲುಗಳ ಕೆಳಭಾಗದಲ್ಲಿ ಸಾಲಾಗಿ ಸೀಳುಗಳನ್ನು ಕೊರೆಯುತ್ತೇನೆ, ಒಳಗಿನಿಂದ ಸ್ಟೀಲ್ ಜಾಲರಿ ಹೊಡೆಯುತ್ತೇನೆ. ತಣ್ಣಗಿನ ಗಾಳಿ ಅಲ್ಲಿಂದ ಒಳಬರುತ್ತದೆ, ಪಾತ್ರೆ ತೊಳೆದ ಬಿಸಿನೀರಿನಿಂದ ಬೆಚ್ಚಗಾದ ಗಾಳಿ ಮೇಲೇರಿ ಗ್ರಾನೈಟಿನ ಕೆಳಗಿನ 12 ಮಿಲಿಮೀಟರ್ ಸಂದಿನಿಂದ ಹೊರಹೋಗುತ್ತದೆ. ಆ ಸಂದಿನ ಎರಡನೆಯ ಕೆಲಸ ಇದೇ. ಸೀಳು ಬಿಟ್ಟರೆ ಜಿರಳೆ ಬರುತ್ತದೆ ಎಂದು ಹೆದರುವವರಿದ್ದಾರೆ. ಜಿರಳೆ ಬರುವುದು ಬಾಗಿಲಿನಿಂದಲ್ಲ. ಕೊಳವೆ ಗೋಡೆಯೊಳಗೆ ಹೋಗುವ ಕಡೆ ಸುತ್ತಲೂ ಬಿಟ್ಟಿರುವ ತೂತಿನಿಂದ, ಮೋರಿಯ ಕಡೆಯಿಂದ ಬರುತ್ತದೆ. ಅದನ್ನು ಸಿಮೆಂಟಿನಿಂದ ಮುಚ್ಚಿಸಿ. ಕತ್ತಲೆ ಮತ್ತು ತೇವ ಎರಡೂ ಇದ್ದರೆ ಅದು ಅಲ್ಲೇ ಮನೆ ಮಾಡುತ್ತದೆ. ತೇವವನ್ನಾದರೂ ನಾವು ಕಳೆಯಬಹುದು. ಕೆಲವರು ಪಕ್ಕದ ಖಾನೆಯಲ್ಲೇ ಅಡುಗೆ ಅನಿಲದ ಸಿಲಿಂಡರ್ ಇಡುತ್ತಾರೆ. ಆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದ ಮಟ್ಟದಲ್ಲಿ ನಿಲ್ಲುತ್ತದೆ. ಅಲ್ಲಿನ ಬಾಗಿಲಿಗಂತೂ ನೆಲಕ್ಕೆ ಹತ್ತಿರದಲ್ಲಿ ದೊಡ್ಡ ಕಿಂಡಿಗಳು ಇರಲೇಬೇಕು, ಅಂದ ಕೆಟ್ಟರೂ ಚಿಂತೆಯಿಲ್ಲ.

ಕಪಾಟಿನ ತಳಕ್ಕೆ ಪ್ಲೈವುಡ್ ಹಾಸಬೇಡಿ. ಕಡಪವೋ ಟೈಲ್ಸೋ ಹಾಕಿಸಿ, ಮುಂದಕ್ಕೆ ಕಣ್ಣಿಗೆ ಕಾಣದಷ್ಟು ಇಳಿಜಾರು ಕೊಡಿಸಿ. ಸೋರಿದ ನೀರು ಹಿಂದೆ ಗೋಡೆಯ ಬುಡದಲ್ಲಿ ತಿಂಗಳುಗಟ್ಟಲೆ ಕುಳಿತಿರುವ ಬದಲು, ಬಾಗಿಲಿನ ಕೆಳಗಿನ 5 ಮಿಲಿಮೀಟರ್ ಸಂದಿನಿಂದ ಹೊರಗೆ ಬಂದು ಕಾಲಿಗೆ ತಾಗಲಿ. ಕೆಲಸ ಮುಗಿದ ದಿನ ಸಿಂಕಿನ ತುಂಬ ನೀರು ಹಿಡಿದು, ಕೆಳಗೆ ಒಣ ದಿನಪತ್ರಿಕೆ ಹಾಸಿ, ಒಮ್ಮೆಗೇ ನೀರು ಬಿಡಿ. ಬೆರಳಿಗೆ ತಿಳಿಯದ ಹನಿ ಕಾಗದದ ಮೇಲೆ ಕಾಣುತ್ತದೆ.

ಹಿಡಿಯ ಬಗ್ಗೆ ಎರಡು ಮಾತು. ಈ ಬಾಗಿಲನ್ನು ತೆರೆಯುವ ಕೈ ಒದ್ದೆಯಾಗಿರುತ್ತದೆ, ಸೋಪಿನ ನೊರೆ ಇರುತ್ತದೆ. ಬಾಗಿಲಿನ ಮೇಲಂಚಿನಲ್ಲೇ ಬೆರಳು ಹಾಕಿ ಎಳೆಯುವ ಅಲ್ಯೂಮಿನಿಯಂ ಪಟ್ಟಿ ನೋಡಲು ಚೆಂದ, ಆದರೆ ಇಲ್ಲಿ ಅದು ನೀರು ನಿಲ್ಲುವ ದೋಣಿಯಾಗುತ್ತದೆ. ಒತ್ತಿದರೆ ತೆರೆಯುವ ಬಾಗಿಲೂ ಇಲ್ಲಿ ಆಗುವುದಿಲ್ಲ, ಪಾತ್ರೆ ತೊಳೆಯುವವರ ಮೊಣಕಾಲು ತಾಗಿದಾಗಲೆಲ್ಲ ತೆರೆದುಕೊಳ್ಳುತ್ತದೆ. ನಾಲ್ಕು ಬೆರಳು ಹಿಡಿಯುವ, ಎರಡೂ ತುದಿ ಬಾಗಿಲಿನೊಳಕ್ಕೆ ತಿರುಗಿದ ಹಿಡಿ ಹಾಕಿ. ತುದಿ ಬಿಟ್ಟುಕೊಂಡಿರುವ ಹಿಡಿಗೆ ಸೆರಗು ಸಿಕ್ಕಿ ಹರಿಯುತ್ತದೆ, ಬಿಸಿ ಪಾತ್ರೆ ಕೈಯಲ್ಲಿದ್ದಾಗ ಅದು ಅಪಾಯ ಕೂಡ. ಬಾಗಿಲಿನ ಕೆಳಗೆ ನಾಲ್ಕು ಇಂಚು ಎತ್ತರ, ಮೂರು ಇಂಚು ಆಳದ ಜಾಗ ಕಾಲಿನ ಬೆರಳುಗಳಿಗೆ ಬೇಕು. ಇಲ್ಲದಿದ್ದರೆ ನಿಂತವರು ಮುಂದಕ್ಕೆ ಬಾಗುತ್ತಾರೆ, ಸಂಜೆಗೆ ಸೊಂಟ ಹಿಡಿಯುತ್ತದೆ. ಬಣ್ಣ ನಿಮ್ಮ ಇಷ್ಟ. ಕೊಳವೆಬಾವಿಯ ಗಡುಸು ನೀರಾದರೆ ಕಪ್ಪು ಹೊಳಪಿನ ಮೇಲೆ ಬಿಳಿ ಕಲೆ ದಿನವೂ ಕಾಣುತ್ತದೆ, ಅಷ್ಟು ನೆನಪಿರಲಿ.

ಎರಡು ವರ್ಷದ ಹಿಂದೆ ನಿವೃತ್ತ ಶಿಕ್ಷಕಿಯೊಬ್ಬರು ನನ್ನನ್ನು ಕರೆಸಿದರು. ಎರಡೂ ಮಂಡಿ ಸವೆದಿದ್ದವು. “ಹತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲಲು ಆಗುವುದಿಲ್ಲಪ್ಪಾ. ಸೊಸೆ ಮಾಡುತ್ತಾಳೆ, ಆದರೆ ನನ್ನ ಲೋಟ, ತಟ್ಟೆ ನಾನೇ ತೊಳೆದುಕೊಳ್ಳಬೇಕು ಅನ್ನಿಸುತ್ತದೆ” ಎಂದರು. ಅವರಿಗೆ ಆರು ಇಂಚು ಆಳದ ಸಿಂಕು ತರಿಸಿದೆ. ನೀರು ಹೋಗುವ ತೂತು ಹಿಂದಿನ ಮೂಲೆಯಲ್ಲಿ ಇರುವಂಥದ್ದು, ಕೊಳವೆ ಗೋಡೆಗೆ ಒತ್ತಿಕೊಂಡು ಇಳಿಯುತ್ತದೆ. ಕೆಳಗಿನ ಬಾಗಿಲುಗಳಿಗೆ ಪೂರ್ತಿ ಪಕ್ಕಕ್ಕೆ ಮಡಚಿಕೊಳ್ಳುವ 170 ಡಿಗ್ರಿಯ ಹಿಂಜ್ ಹಾಕಿದೆ. ನಡುವೆ ಕಂಬ ಇಲ್ಲ, ಒಳಗೆ ತಳದ ಹಲಗೆ ಇಲ್ಲ. ಕೊಳವೆಯ ಮುಂದೆ ಓರೆಯಾಗಿ ಒಂದು ಹಲಗೆ ನಿಲ್ಲಿಸಿದೆ, ಬಿಸಿನೀರು ಹರಿಯುವಾಗ ಮಂಡಿಗೆ ತಾಗದಿರಲಿ ಎಂದು. ಬಾಗಿಲು ಮುಚ್ಚಿದಾಗ ಅದು ಎಲ್ಲರ ಮನೆಯ ಕಪಾಟಿನಂತೆಯೇ ಕಾಣುತ್ತದೆ. ತೆರೆದು ಸ್ಟೂಲ್ ಎಳೆದುಕೊಂಡರೆ ಅವರ ಮಂಡಿ ಒಳಗೆ ಹೋಗುತ್ತದೆ. ಕೆಲಸ ಮುಗಿದ ದಿನ ಅವರು ಒಂದೇ ಲೋಟವನ್ನು ಮೂರು ಸಲ ತೊಳೆದರು. ನಾನು ಮಾಡಿದ ಬಾಗಿಲುಗಳಲ್ಲಿ ನನಗೆ ಅತ್ಯಂತ ಪ್ರಿಯವಾದವು ಅವು.

ಪ್ರಶ್ನೆಗಳ ಹೊತ್ತಿನಲ್ಲಿ ಹಲವರು ಕೇಳಿದರು, ಎರಡನ್ನು ಇಲ್ಲಿ ಸೇರಿಸುತ್ತೇನೆ.

ಮೇಲಿನ ಪಟ್ಟಿಯನ್ನು ಮುಂದಕ್ಕೆ ಬಾಗುವ ತಟ್ಟೆಯಾಗಿ ಮಾಡಿ, ತಿಕ್ಕುವ ನಾರು, ಸೋಪು ಇಡಬಹುದಲ್ಲವೇ ಎಂದು ವಿದ್ಯಾರ್ಥಿನಿಯೊಬ್ಬರು ಕೇಳಿದರು. ಆ ಜೋಡಣೆ ಮಾರುಕಟ್ಟೆಯಲ್ಲಿ ಸಿಗುತ್ತದೆ, ಬಟ್ಟಲಿನ ಮುಂದೆ ಎರಡು ಇಂಚು ಜಾಗವಿದ್ದರೆ ಕೂರುತ್ತದೆ. ನಾನು ಮಾತ್ರ ಹಾಕುವುದಿಲ್ಲ. ನಮ್ಮಲ್ಲಿ ದಿನಕ್ಕೆ ನಾಲ್ಕೈದು ಸಲ ಪಾತ್ರೆ ತೊಳೆಯುತ್ತೇವೆ, ನಾರು ಒಣಗುವುದೇ ಇಲ್ಲ. ಒದ್ದೆ ನಾರನ್ನು ಕತ್ತಲೆಯಲ್ಲಿ ಮುಚ್ಚಿಟ್ಟರೆ ಎರಡೇ ದಿನಕ್ಕೆ ನಾರುತ್ತದೆ, ಸ್ಟೀಲ್ ನಾರು ತುಕ್ಕು ಬಿಡುತ್ತದೆ. ಅದು ಕಿಟಕಿಯ ಬಳಿ, ಬೆಳಕಿನಲ್ಲಿ ನೇತಾಡಲಿ.

ಕೊನೆಯದು ಹಿಂದಿನ ಸಾಲಿನಲ್ಲಿದ್ದ ಯುವಕರೊಬ್ಬರದ್ದು. ತಮ್ಮದು ಬಾಡಿಗೆ ಮನೆ, ಕಟ್ಟೆಯ ಕೆಳಗೆ ಬಾಗಿಲೇ ಇಲ್ಲ, ಕಲ್ಲಿಗೆ ತೂತು ಹೊಡೆಯಲು ಮಾಲೀಕರು ಬಿಡುವುದಿಲ್ಲ, ಏನು ಮಾಡುವುದು ಎಂದರು. ನಾನು ಕೇಳಿದೆ, “ಅಮ್ಮನ ಹತ್ತಿರ ಹಳೆಯ ಹತ್ತಿ ಸೀರೆ ಇದೆಯೇ?” ಎರಡು ಕಲ್ಲುಗಳ ನಡುವೆ ಒತ್ತಿ ನಿಲ್ಲುವ, ತಿರುಗಿಸಿದರೆ ಉದ್ದವಾಗುವ ಸರಳು ಅಂಗಡಿಯಲ್ಲಿ ಸಿಗುತ್ತದೆ, ಮೊಳೆ ಬೇಡ. ಮೂರಡಿಗೆ ಐದಡಿ ಬಟ್ಟೆ ತೆಗೆದುಕೊಂಡರೆ ನೆರಿಗೆ ಚೆನ್ನಾಗಿ ಬೀಳುತ್ತದೆ. ಎರಡು ತುಂಡಾಗಿ ಹೊಲಿಸಿ, ನಡುವಿನಿಂದ ತೆರೆಯಲಿ. ಅನಿಲದ ಒಲೆ ಪಕ್ಕದಲ್ಲೇ ಇದ್ದರೆ ನೈಲಾನ್ ಬಟ್ಟೆ ಬೇಡ, ಹತ್ತಿಯೇ ಇರಲಿ, ಅದೂ ಒಲೆಯಿಂದ ದೂರವಿರಲಿ. ಕೆಳಗಿನ ಅಂಚು ನೆಲದಿಂದ ನಾಲ್ಕು ಇಂಚು ಮೇಲೆ ನಿಲ್ಲಬೇಕು, ನೆಲ ಒರೆಸುವಾಗ ನೆನೆಯಬಾರದು. ಎರಡು ಜೊತೆ ಹೊಲಿಸಿಕೊಳ್ಳಿ, ಒಂದು ಒಗೆದಾಗ ಇನ್ನೊಂದು.